ನಿಸ್ತಂತು ಜಾಲದ ದೃಢೀಕರಣ ಸರ್ವರ್

ನಿಸ್ತಂತು ಜಾಲದ ದೃಢೀಕರಣ ಸರ್ವರ್ ಎಂದರೆ ವೈ-ಫೈ ಜಾಲವೊಂದಕ್ಕೆ ಸೇರಬಯಸುವ ಬಳಕೆದಾರ ಅಥವಾ ಸಾಧನದ ಗುರುತನ್ನು ಪರಿಶೀಲಿಸಿ, ಪ್ರವೇಶವನ್ನು ನೀಡುವ ಇಲ್ಲವೆ ನಿರಾಕರಿಸುವ, ನೀಡಿದ ಪ್ರವೇಶದ ಲೆಕ್ಕವನ್ನು ದಾಖಲಿಸುವ ಗಣಕ ವ್ಯವಸ್ಥೆ. ವೈ-ಫೈ ಸಂಕೇತವನ್ನು ಹರಡುವ ಪೆಟ್ಟಿಗೆಯೇ ಈ ಕೆಲಸವನ್ನೂ ಮಾಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಮನೆಯ ಜಾಲಗಳ ಮಟ್ಟಿಗೆ ಅದು ನಿಜ. ಆದರೆ ಕಾಲೇಜು, ಆಸ್ಪತ್ರೆ, ರೈಲು ನಿಲ್ದಾಣ, ಗ್ರಾಮ ಪಂಚಾಯಿತಿಯಂತಹ ಕಡೆಗಳಲ್ಲಿ ನಿರ್ಧಾರ ಕೈಗೊಳ್ಳುವ ಸರ್ವರ್ ಬೇರೆ ಇರುತ್ತದೆ; ಎಷ್ಟೋ ವೇಳೆ ಅದು ಬೇರೆ ಊರಿನಲ್ಲಿಯೇ ಇರುತ್ತದೆ. ಇಂತಹ ಸರ್ವರ್‌ಗಳು ಬಹುಪಾಲು ರೇಡಿಯಸ್ ಎಂಬ ಪ್ರೋಟೋಕಾಲನ್ನು ಬಳಸುತ್ತವೆ.

ಈ ಲೇಖನದಲ್ಲಿ ಅನುಸ್ಥಾಪನೆಯ ಭಾಗವನ್ನು ವಿವರಿಸಲು ಗದಗ ತಾಲ್ಲೂಕಿನ ಕುರ್ತಕೋಟಿಯಂತಹ ಗ್ರಾಮವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ: ಪಂಚಾಯಿತಿ ಕಚೇರಿ, ಗ್ರಂಥಾಲಯ, ಶಾಲೆ ಎಂದು ಮೂರ್ನಾಲ್ಕು ಕಡೆ ಪ್ರವೇಶಬಿಂದುಗಳು, ಹೊರಜಗತ್ತಿಗೆ ಒಂದೇ ಆಪ್ಟಿಕಲ್ ಫೈಬರ್ ಸಂಪರ್ಕ, ನಡುನಡುವೆ ಕೈಕೊಡುವ ವಿದ್ಯುತ್ತು. ದೊಡ್ಡ ನಗರಗಳ ಕಚೇರಿಗಳಿಗಾಗಿ ಬರೆದ ಕೈಪಿಡಿಗಳು ಈ ಮೂರನೆಯ ಅಂಶವನ್ನು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಹಿನ್ನೆಲೆ

ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯ ಬಳಕೆಗೆ 2005ರಲ್ಲಿ ಪರವಾನಗಿಯಿಂದ ವಿನಾಯಿತಿ ದೊರೆಯಿತು. 5 ಗಿಗಾಹರ್ಟ್ಸ್ ಪಟ್ಟಿಯ ವಿನಾಯಿತಿ 2018ರಲ್ಲಿ ವಿಸ್ತಾರಗೊಂಡಿತು. ವೈ-ಫೈ ಹರಡಿದ ವೇಗಕ್ಕೆ ತಕ್ಕಂತೆ ಅದರ ಭದ್ರತೆಯ ಅರಿವು ಹರಡಲಿಲ್ಲ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳಿಗೆ ಸಂಬಂಧಿಸಿದ ಬೆದರಿಕೆಯ ಇ-ಮೇಲ್ ನವಿ ಮುಂಬಯಿಯ ಮನೆಯೊಂದರ ರಕ್ಷಣೆಯಿಲ್ಲದ ವೈ-ಫೈ ಮೂಲಕ ರವಾನೆಯಾಗಿತ್ತು. ಸಂಪರ್ಕದ ಮಾಲೀಕನಿಗೂ ಇ-ಮೇಲಿಗೂ ಸಂಬಂಧವಿರಲಿಲ್ಲ. ಆದರೂ ಮೊದಲ ಸಂಶಯ ತಿರುಗಿದ್ದು ಆತನ ಕಡೆಗೇ. ದೂರಸಂಪರ್ಕ ಇಲಾಖೆಯು 2009ರ ಫೆಬ್ರುವರಿ 23ರಂದು ಸೇವಾದಾರರಿಗೆ ಹೊರಡಿಸಿದ ಸೂಚನೆಗಳು ಈ ಹಿನ್ನೆಲೆಯವು. ಬಳಕೆದಾರರನ್ನು ಕೇಂದ್ರೀಕೃತವಾಗಿ ದೃಢೀಕರಿಸಬೇಕು, ಸಾರ್ವಜನಿಕ ತಾಣಗಳಲ್ಲಿ ಭಾವಚಿತ್ರವುಳ್ಳ ಗುರುತಿನ ಚೀಟಿಯ ಪ್ರತಿಯನ್ನು ಪಡೆಯಬೇಕು ಅಥವಾ ಪ್ರವೇಶಪದವನ್ನು ಮೊಬೈಲ್ ಸಂದೇಶದ ಮೂಲಕ ಕಳುಹಿಸಬೇಕು, ಆ ದಾಖಲೆಗಳನ್ನು ಒಂದು ವರ್ಷ ಉಳಿಸಿಕೊಳ್ಳಬೇಕು ಎಂಬುದು ಅವುಗಳ ಸಾರ. ಇಂದು ನಿಲ್ದಾಣದಲ್ಲಿ ವೈ-ಫೈ ಹಿಡಿಯುವ ಪ್ರಯಾಣಿಕನಿಗೆ ಮೊಬೈಲ್ ಸಂಖ್ಯೆ ಕೇಳುವ ಪುಟ ಎದುರಾಗುವುದಕ್ಕೆ ಮೂಲ ಕಾರಣ ಇದೇ.

ಕರ್ನಾಟಕದಲ್ಲಿ 2014ರ ಜನವರಿಯಲ್ಲಿ ಬೆಂಗಳೂರಿನ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಮೊದಲಾದೆಡೆ ಆರಂಭವಾದ 'ನಮ್ಮ ವೈ-ಫೈ' ಇದೇ ಕ್ರಮವನ್ನು ಅನುಸರಿಸಿತು. 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್‌ನಿಂದ ಶುರುವಾದ ರೈಲ್‌ಟೆಲ್ ಮತ್ತು ಗೂಗಲ್ ಸಂಸ್ಥೆಗಳ ನಿಲ್ದಾಣ ವೈ-ಫೈ ಯೋಜನೆಯೂ ಹಾಗೆಯೇ. 2020ರಲ್ಲಿ ಗೂಗಲ್ ತಾನು ಹಿಂದೆ ಸರಿಯುವುದಾಗಿ ಪ್ರಕಟಿಸಿದ ಮೇಲೂ ರೈಲ್‌ಟೆಲ್ ಸೇವೆಯನ್ನು ಮುಂದುವರಿಸಿತು. ಹಳ್ಳಿಗಳ ಮಟ್ಟಿಗೆ, 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ತಂತಿಯನ್ನು ತಲುಪಿಸುವ ಗುರಿ ಹೊಂದಿದೆ. ತಂತಿ ಪಂಚಾಯಿತಿಯ ಬಾಗಿಲಿಗೆ ಬಂದ ಮೇಲೆ ಯಾರು, ಯಾವ ನಿಯಮದಡಿ ಅದನ್ನು ಬಳಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಹಂಚಿಕೊಂಡ ಗುಪ್ತಪದದ ಮಿತಿ

ಸಣ್ಣ ಜಾಲಗಳಲ್ಲಿ ಎಲ್ಲರಿಗೂ ಒಂದೇ ಗುಪ್ತಪದವಿರುತ್ತದೆ. ಡಬ್ಲ್ಯುಪಿಎ2 ಮಾನಕದ ಈ ಬಗೆಯಲ್ಲಿ ಅದು 8ರಿಂದ 63 ಅಕ್ಷರಗಳಷ್ಟು ಉದ್ದವಿರಬಹುದು. ಐದಾರು ಜನರ ಮನೆಗೆ ಇದು ಸಾಕು. ನೂರು ಜನರ ಸಂಸ್ಥೆಗೆ ಸಾಲದು. ಒಬ್ಬ ಸಿಬ್ಬಂದಿ ವರ್ಗವಾಗಿ ಹೋದರೆ ಅವನೊಬ್ಬನ ಪ್ರವೇಶವನ್ನು ಮಾತ್ರ ರದ್ದುಮಾಡುವ ದಾರಿಯಿಲ್ಲ; ಗುಪ್ತಪದವನ್ನು ಬದಲಿಸಿ ಎಲ್ಲರಿಗೂ ಮತ್ತೆ ಹಂಚಬೇಕು. ಹಾಗೆ ಯಾರೂ ಮಾಡುವುದಿಲ್ಲವಾದ್ದರಿಂದ ಗ್ರಂಥಾಲಯದ ಗೋಡೆಯ ಮೇಲೆ ಬರೆದ ಗುಪ್ತಪದ ವರ್ಷಗಟ್ಟಲೆ ಉಳಿಯುತ್ತದೆ. ಗುಪ್ತಪದ ಗೊತ್ತಿರುವ ವ್ಯಕ್ತಿ ಇನ್ನೊಬ್ಬರ ಸಾಧನ ಜಾಲಕ್ಕೆ ಸೇರುವಾಗಿನ ನಾಲ್ಕು ಹಂತದ ಹಸ್ತಲಾಘವವನ್ನು ಸೆರೆಹಿಡಿದರೆ ಅವರ ವೈ-ಫೈ ಸಂಚಾರದ ಗೂಢಲಿಪಿಯನ್ನು ಬಿಡಿಸಬಲ್ಲನು ಎಂಬುದು ಇನ್ನೂ ಗಂಭೀರವಾದ ದೋಷ. 2018ರ ಡಬ್ಲ್ಯುಪಿಎ3 ಈ ಎರಡನೆಯ ದೋಷವನ್ನು ನಿವಾರಿಸುತ್ತದೆ. ಮೊದಲನೆಯದು ಅಲ್ಲಿಯೂ ಉಳಿಯುತ್ತದೆ. ಕೃತ್ಯವೊಂದು ನಡೆದಾಗ ಯಾರು ಮಾಡಿದರು ಎಂದು ಹೇಳುವುದಂತೂ ಎರಡರಲ್ಲಿಯೂ ಅಸಾಧ್ಯ.

ಪ್ರತಿಯೊಬ್ಬರಿಗೂ ಪ್ರತ್ಯೇಕ ಗುರುತು ನೀಡುವ ವಿಧಾನಕ್ಕೆ 'ಎಂಟರ್‌ಪ್ರೈಸ್' ವಿಧಾನವೆಂದು ಹೆಸರು. ಹೆಸರು ದೊಡ್ಡ ಉದ್ಯಮಗಳನ್ನು ನೆನಪಿಸಿದರೂ ಅದಕ್ಕೆ ಬೇಕಾದದ್ದು ಈ ಸೌಲಭ್ಯವುಳ್ಳ ಪ್ರವೇಶಬಿಂದು ಮತ್ತು ಒಂದು ಸಾಧಾರಣ ಗಣಕ ಮಾತ್ರ.

ಕಾರ್ಯವಿಧಾನ

ಈ ವ್ಯವಸ್ಥೆಯ ತಳಹದಿ 2001ರಲ್ಲಿ ಪ್ರಕಟವಾದ ಐಇಇಇ 802.1ಎಕ್ಸ್ ಮಾನಕ. ಇದರಲ್ಲಿ ಮೂರು ಪಾತ್ರಗಳಿವೆ. ಪ್ರವೇಶ ಬಯಸುವ ಫೋನು ಅಥವಾ ಲ್ಯಾಪ್‌ಟಾಪು ಅರ್ಜಿದಾರ. ಪ್ರವೇಶಬಿಂದುವು ದ್ವಾರಪಾಲಕ. ನಿರ್ಧಾರ ಮಾಡುವುದು ದೃಢೀಕರಣ ಸರ್ವರ್. ಸರ್ವರ್‌ನ ಒಪ್ಪಿಗೆ ಬರುವವರೆಗೂ ದ್ವಾರಪಾಲಕ ಸಾಧನವು ದೃಢೀಕರಣದ ಸಂದೇಶಗಳನ್ನು ಬಿಟ್ಟು ಬೇರೇನನ್ನೂ ಒಳಕ್ಕೆ ಬಿಡುವುದಿಲ್ಲ. ಅರ್ಜಿದಾರನಿಗೆ ಜಾಲವಿಳಾಸ ಕೂಡ ದೊರೆತಿರುವುದಿಲ್ಲ.

ಅರ್ಜಿದಾರ ಮತ್ತು ಸರ್ವರ್ ನಡುವಿನ ಮಾತುಕತೆ ಇಎಪಿ ಎಂಬ ಚೌಕಟ್ಟಿನಲ್ಲಿ ನಡೆಯುತ್ತದೆ. ಇಎಪಿ ತಾನೇ ಒಂದು ದೃಢೀಕರಣ ಕ್ರಮವಲ್ಲ, ಹಲವು ಕ್ರಮಗಳನ್ನು ಹೊತ್ತೊಯ್ಯುವ ಲಕೋಟೆ. ಪ್ರವೇಶಬಿಂದುವು ಲಕೋಟೆಯನ್ನು ಬಿಚ್ಚದೆ ರೇಡಿಯಸ್ ಸಂದೇಶದೊಳಗಿಟ್ಟು ಸರ್ವರ್‌ಗೆ ರವಾನಿಸುತ್ತದೆ. ಆದ್ದರಿಂದಲೇ ಹೊಸ ದೃಢೀಕರಣ ಕ್ರಮವೊಂದು ಬಂದಾಗ ಪ್ರವೇಶಬಿಂದುಗಳನ್ನು ಬದಲಿಸಬೇಕಾಗುವುದಿಲ್ಲ. ಸರ್ವರ್ ಪ್ರಶ್ನೆಗಳನ್ನು ಕೇಳುತ್ತ ಹೋಗಿ, ತೃಪ್ತಿಯಾದ ಮೇಲೆ ಒಪ್ಪಿಗೆಯ ಸಂದೇಶವನ್ನು ಕಳುಹಿಸುತ್ತದೆ. ಅದರ ಜೊತೆಗೆ ಆ ಒಂದು ಅಧಿವೇಶನಕ್ಕೆ ಮಾತ್ರ ಸೀಮಿತವಾದ ಮೂಲಕೀಲಿಯನ್ನೂ ಪ್ರವೇಶಬಿಂದುವಿಗೆ ನೀಡುತ್ತದೆ. ಅದೇ ಕೀಲಿಯನ್ನು ಅರ್ಜಿದಾರ ತನ್ನ ಕಡೆಯಿಂದ ಲೆಕ್ಕ ಹಾಕಿಕೊಂಡಿರುತ್ತಾನೆ. ಹೀಗೆ ಪ್ರತಿ ಬಳಕೆದಾರನ ಸಂಚಾರವೂ ಬೇರೆ ಬೇರೆ ಕೀಲಿಯಿಂದ ಗೂಢಲಿಪೀಕರಣಗೊಳ್ಳುತ್ತದೆ. ಪಕ್ಕದಲ್ಲಿ ಕುಳಿತ ಸಹಬಳಕೆದಾರ ಅದನ್ನು ಓದಲಾರ.

ರೇಡಿಯಸ್ ಪ್ರೋಟೋಕಾಲು ವೈ-ಫೈಗಿಂತ ಹಳೆಯದು. ದೂರವಾಣಿ ತಂತಿಯ ಮೂಲಕ ಮೋಡೆಮ್ ಬಳಸಿ ಅಂತರಜಾಲಕ್ಕೆ ಸೇರುತ್ತಿದ್ದ ಕಾಲದಲ್ಲಿ, 1991ರಲ್ಲಿ, ಅಮೆರಿಕದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಅದನ್ನು ರೂಪಿಸಿತು. ಇಂದು ಬಳಕೆಯಲ್ಲಿರುವ ವಿವರಣೆ 2000ದ ಜೂನ್‌ನಲ್ಲಿ ಆರ್‌ಎಫ್‌ಸಿ 2865 ಮತ್ತು 2866 ಆಗಿ ಪ್ರಕಟವಾಯಿತು; ಮೊದಲನೆಯದು ದೃಢೀಕರಣಕ್ಕೆ, ಎರಡನೆಯದು ಲೆಕ್ಕಪತ್ರಕ್ಕೆ ಸಂಬಂಧಿಸಿದ್ದು. ದೃಢೀಕರಣ ಯುಡಿಪಿಯ 1812ನೆಯ ಪೋರ್ಟಿನಲ್ಲಿಯೂ ಲೆಕ್ಕಪತ್ರ 1813ರಲ್ಲಿಯೂ ನಡೆಯುತ್ತವೆ. ಹಳೆಯ ಉಪಕರಣಗಳು ಕೆಲವು ಇನ್ನೂ 1645 ಮತ್ತು 1646ನ್ನು ಬಳಸುತ್ತವೆ. ಉತ್ತರವೇ ಬರದಿದ್ದಾಗ ಮೊದಲು ನೋಡಬೇಕಾದ ಸಂಗತಿಗಳಲ್ಲಿ ಇದೂ ಒಂದು.

ದೃಢೀಕರಣ ಕ್ರಮದ ಆಯ್ಕೆ

ಅನುಸ್ಥಾಪನೆಯಲ್ಲಿ ಅತ್ಯಂತ ದೂರಗಾಮಿಯಾದ ನಿರ್ಧಾರ ಇದು. ಬಳಕೆಯಲ್ಲಿರುವ ಮುಖ್ಯ ಕ್ರಮಗಳು ಮೂರು.

ಇಎಪಿ-ಟಿಎಲ್‌ಎಸ್ ಕ್ರಮದಲ್ಲಿ ಗುಪ್ತಪದವೇ ಇಲ್ಲ. ಸರ್ವರ್‌ಗೆ ಒಂದು ಡಿಜಿಟಲ್ ಪ್ರಮಾಣಪತ್ರ, ಪ್ರತಿ ಸಾಧನಕ್ಕೂ ಒಂದು ಪ್ರಮಾಣಪತ್ರ. ಕದಿಯಲು ಗುಪ್ತಪದವಿಲ್ಲದ್ದರಿಂದ ಇದು ಮೂರರಲ್ಲಿಯೂ ಭದ್ರವಾದದ್ದು. ಆದರೆ ಪ್ರತಿಯೊಂದು ಫೋನಿಗೂ ಪ್ರಮಾಣಪತ್ರವನ್ನು ಸೇರಿಸುವ, ಅವಧಿ ಮುಗಿದಾಗ ಬದಲಿಸುವ, ಫೋನು ಕಳೆದುಹೋದಾಗ ರದ್ದುಮಾಡುವ ಹೊಣೆಯನ್ನು ಯಾರಾದರೂ ಹೊರಬೇಕು. ಪಂಚಾಯಿತಿಯ ನಾಲ್ಕೈದು ಕಚೇರಿ ಗಣಕಗಳಿಗೆ ಇದು ಸೂಕ್ತ. ಗ್ರಂಥಾಲಯಕ್ಕೆ ಬರುವ ಓದುಗರಿಗೆ ಅಲ್ಲ.

ಪಿಇಎಪಿ ಕ್ರಮದಲ್ಲಿ ಸರ್ವರ್ ಮಾತ್ರ ಪ್ರಮಾಣಪತ್ರವನ್ನು ತೋರಿಸುತ್ತದೆ. ಅದರ ಆಧಾರದ ಮೇಲೆ ಗೂಢಲಿಪಿಯ ಸುರಂಗವೊಂದು ಏರ್ಪಟ್ಟು, ಅದರೊಳಗೆ ಬಳಕೆದಾರನ ಹೆಸರು ಮತ್ತು ಗುಪ್ತಪದದ ಪರೀಕ್ಷೆ ಎಂಎಸ್-ಚಾಪ್ ಎರಡನೆಯ ಆವೃತ್ತಿಯ ರೀತಿಯಲ್ಲಿ ನಡೆಯುತ್ತದೆ. ಈ ಒಳಪರೀಕ್ಷೆ ದುರ್ಬಲವಾದದ್ದು. 2012ರಲ್ಲಿ ಮಾಕ್ಸಿ ಮಾರ್ಲಿನ್‌ಸ್ಪೈಕ್ ಮತ್ತು ಡೇವಿಡ್ ಹಲ್ಟನ್ ಇದನ್ನು ಭೇದಿಸುವ ಕೆಲಸ 56 ಬಿಟ್‌ನ ಒಂದು ಡಿಇಎಸ್ ಕೀಲಿಯನ್ನು ಹುಡುಕುವಷ್ಟಕ್ಕೆ ಇಳಿಯುತ್ತದೆಂದು ತೋರಿಸಿದರು. ಆದ್ದರಿಂದ ಪಿಇಎಪಿಯ ಭದ್ರತೆ ಸಂಪೂರ್ಣವಾಗಿ ಹೊರಗಿನ ಸುರಂಗವನ್ನು, ಎಂದರೆ ಫೋನು ಸರ್ವರ್‌ನ ಪ್ರಮಾಣಪತ್ರವನ್ನು ನಿಜವಾಗಿ ಪರೀಕ್ಷಿಸುತ್ತದೆಯೇ ಎಂಬುದನ್ನು ಅವಲಂಬಿಸಿದೆ.

ಇಎಪಿ-ಟಿಟಿಎಲ್‌ಎಸ್ ಸಹ ಸುರಂಗದ ಕ್ರಮವೇ. ಒಳಗೆ ಗುಪ್ತಪದವನ್ನು ನೇರವಾಗಿ ಕಳುಹಿಸಬಹುದು. ಕೇಳಲು ಇದು ಹೆಚ್ಚು ಅಪಾಯಕಾರಿ ಎನಿಸಿದರೂ ಒಂದು ಮುಖ್ಯ ಅನುಕೂಲವಿದೆ. ಎಂಎಸ್-ಚಾಪ್ ಪರೀಕ್ಷೆ ನಡೆಯಬೇಕಾದರೆ ಸರ್ವರ್‌ನ ದತ್ತಸಂಚಯದಲ್ಲಿ ಗುಪ್ತಪದಗಳು ಬಿಡಿಯಾಗಿ ಅಥವಾ ಎನ್‌ಟಿ ಹ್ಯಾಶ್ ಎಂಬ ಹಳೆಯ ರೂಪದಲ್ಲಿ ಇರಲೇಬೇಕು. ಬಿಕ್ರಿಪ್ಟ್‌ನಂತಹ ಆಧುನಿಕ ರೂಪದಲ್ಲಿ ಶೇಖರಿಸಿದ ಗುಪ್ತಪದಗಳೊಂದಿಗೆ ಅದು ಕೆಲಸ ಮಾಡುವುದಿಲ್ಲ. ಟಿಟಿಎಲ್‌ಎಸ್‌ಗೆ ಈ ನಿರ್ಬಂಧವಿಲ್ಲ. ಈಗಾಗಲೇ ಬಳಕೆದಾರರ ಪಟ್ಟಿಯುಳ್ಳ ವಿಶ್ವವಿದ್ಯಾಲಯ ಅಥವಾ ಇಲಾಖೆ ಮೊದಲು ನೋಡಬೇಕಾದದ್ದು ಆ ಪಟ್ಟಿಯಲ್ಲಿ ಗುಪ್ತಪದಗಳು ಯಾವ ರೂಪದಲ್ಲಿವೆ ಎಂಬುದನ್ನು. ಕ್ರಮವನ್ನು ಆರಿಸಿ, ಎಲ್ಲವನ್ನೂ ಅಳವಡಿಸಿ, ಕೊನೆಗೆ ಈ ಅಂಶ ಬೆಳಕಿಗೆ ಬಂದರೆ ಎಲ್ಲ ಬಳಕೆದಾರರೂ ಗುಪ್ತಪದವನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಪ್ರಮಾಣಪತ್ರ ಮತ್ತು ನಂಬಿಕೆ

ದೃಢೀಕರಣ ಎರಡೂ ಕಡೆಯದು. ಬಳಕೆದಾರ ಯಾರೆಂದು ಸರ್ವರ್ ಕೇಳುವಂತೆ, ಸರ್ವರ್ ಯಾವುದೆಂದು ಬಳಕೆದಾರನ ಫೋನೂ ಕೇಳಬೇಕು. ಅದು ಕೇಳದಿದ್ದರೆ ಯಾರು ಬೇಕಾದರೂ ಅದೇ ಹೆಸರಿನ ನಕಲಿ ಜಾಲವೊಂದನ್ನು ಬಸ್ ನಿಲ್ದಾಣದಲ್ಲಿ ಸ್ಥಾಪಿಸಿ, ತಾನಾಗಿ ಸೇರಿಕೊಳ್ಳುವ ಫೋನುಗಳಿಂದ ಗುಪ್ತಪದಗಳನ್ನು ಸಂಗ್ರಹಿಸಬಹುದು.

ಇದು ಕುರ್ತಕೋಟಿಗೆ ತೀರ ಹೊಸ ಪ್ರಶ್ನೆಯೇನಲ್ಲ. ಬಾದಾಮಿ ಚಾಲುಕ್ಯರ ಒಂದನೆಯ ವಿಕ್ರಮಾದಿತ್ಯನ ಹೆಸರಿನಲ್ಲಿರುವ ಕುರ್ತಕೋಟಿಯ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಅವರು ಕೂಟಶಾಸನವೆಂದು ಗುರುತಿಸಿದರು. ಅದರಲ್ಲಿ ನಮೂದಾದ ಶಕವರ್ಷ ಆ ಅರಸನ ಆಳ್ವಿಕೆಯ ಕಾಲಕ್ಕೆ ಹೊಂದುವುದಿಲ್ಲ. ಡಿಜಿಟಲ್ ಪ್ರಮಾಣಪತ್ರವನ್ನು ಪರೀಕ್ಷಿಸುವ ಫೋನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ: ಯಾರ ಹೆಸರಿನಲ್ಲಿದೆ, ಯಾರ ಮುದ್ರೆಯಿದೆ, ಕಾಲ ಹೊಂದುತ್ತದೆಯೇ ಎಂದು ನೋಡುತ್ತದೆ. ಈ ಮೂರರಲ್ಲಿ ಒಂದು ತಪ್ಪಿದರೂ ಸಂಪರ್ಕ ಮುರಿಯಬೇಕು.

ವ್ಯವಹಾರದಲ್ಲಿ ಆಗುವುದೇ ಬೇರೆ. ಹಳೆಯ ಆಂಡ್ರಾಯ್ಡ್ ಫೋನುಗಳಲ್ಲಿ ಪ್ರಮಾಣಪತ್ರವನ್ನು ಪರಿಶೀಲಿಸಬೇಡ ಎಂಬ ಆಯ್ಕೆಯಿತ್ತು. ಸಂಸ್ಥೆಗಳ ಸೂಚನಾಪತ್ರಗಳೇ ಅದನ್ನು ಆರಿಸಿಕೊಳ್ಳಿರೆಂದು ಹೇಳುತ್ತಿದ್ದವು. ಆಂಡ್ರಾಯ್ಡ್ 11ರ ಅನಂತರ ಹಲವು ಫೋನುಗಳಿಂದ ಆ ಆಯ್ಕೆಯನ್ನು ತೆಗೆದುಹಾಕಲಾಯಿತು. ಹಳೆಯ ಸೂಚನಾಪತ್ರವನ್ನು ಹಿಡಿದು ಬಂದವರು ಹೊಸ ಫೋನಿನಲ್ಲಿ ಸೇರಲಾಗದೆ ಪರದಾಡುವುದಕ್ಕೆ ಇದು ಕಾರಣ. ಸರಿಯಾದ ಕ್ರಮವೆಂದರೆ ಸರ್ವರ್‌ನ ಹೆಸರನ್ನೂ ಪ್ರಮಾಣೀಕರಿಸಿದ ಪ್ರಾಧಿಕಾರವನ್ನೂ ಫೋನಿನ ಹೊಂದಿಕೆಯಲ್ಲಿ ನಮೂದಿಸುವುದು.

ಅನುಸ್ಥಾಪನೆ

ಮುಕ್ತ ತಂತ್ರಾಂಶಗಳಲ್ಲಿ 1999ರಲ್ಲಿ ಆರಂಭವಾದ ಫ್ರೀರೇಡಿಯಸ್ ಅತ್ಯಂತ ಪ್ರಚಲಿತ. ವಿಂಡೋಸ್ ಸರ್ವರ್‌ನಲ್ಲಿ ಇದೇ ಕೆಲಸಕ್ಕೆ ನೆಟ್‌ವರ್ಕ್ ಪಾಲಿಸಿ ಸರ್ವರ್ ಇದೆ. ಒಂದು ಗ್ರಾಮದ ಕೆಲವು ನೂರು ಬಳಕೆದಾರರಿಗೆ ಫ್ರೀರೇಡಿಯಸ್ ಅನ್ನು ರಾಸ್ಪ್‌ಬೆರಿ ಪೈ ಮಾದರಿಯ ಸಣ್ಣ ಗಣಕದಲ್ಲಿಯೂ ನಡೆಸಬಹುದು. ಯಂತ್ರದ ಶಕ್ತಿಗಿಂತ ಅದಕ್ಕೆ ನಿರಂತರ ವಿದ್ಯುತ್ತು ದೊರಕಿಸುವುದು ಮುಖ್ಯ.

ಲಿನಕ್ಸ್ ವಿತರಣೆಗಳ ಭಂಡಾರದಿಂದ ತಂತ್ರಾಂಶವನ್ನು ಸ್ಥಾಪಿಸಿದ ಮೇಲೆ ಮೊದಲ ಕೆಲಸ ಪ್ರವೇಶಬಿಂದುಗಳನ್ನು ಸರ್ವರ್‌ಗೆ ಪರಿಚಯಿಸುವುದು. 'ಕ್ಲೈಂಟ್ಸ್' ಎಂಬ ಹೊಂದಿಕೆ ಕಡತದಲ್ಲಿ ಪ್ರತಿ ಪ್ರವೇಶಬಿಂದುವಿನ ಜಾಲವಿಳಾಸವನ್ನೂ ಒಂದು ಹಂಚಿಕೊಂಡ ರಹಸ್ಯಪದವನ್ನೂ ಬರೆಯಬೇಕು. ಅದೇ ಪದವನ್ನು ಪ್ರವೇಶಬಿಂದುವಿನಲ್ಲಿಯೂ ನಮೂದಿಸಬೇಕು. ರೇಡಿಯಸ್‌ನಲ್ಲಿ ಕ್ಲೈಂಟ್ ಎಂದರೆ ಬಳಕೆದಾರನ ಫೋನಲ್ಲ, ಪ್ರವೇಶಬಿಂದು. ಹೊಸಬರಿಗೆ ಇಲ್ಲಿ ಗೊಂದಲವಾಗುವುದು ಸಹಜ. ತಂತ್ರಾಂಶದ ಜೊತೆಗೆ ಬರುವ ಮಾದರಿ ರಹಸ್ಯಪದ 'ಟೆಸ್ಟಿಂಗ್123' ಜಗತ್ತಿಗೆಲ್ಲ ಗೊತ್ತಿರುವುದರಿಂದ ಅದನ್ನು ಉಳಿಸಿಕೊಳ್ಳಬಾರದು. ಪ್ರತಿ ಪ್ರವೇಶಬಿಂದುವಿಗೂ ಬೇರೆ ಬೇರೆಯಾದ, ಯಾದೃಚ್ಛಿಕವಾಗಿ ಉತ್ಪಾದಿಸಿದ ಉದ್ದವಾದ ಪದವಿರಬೇಕು.

ಬಳಕೆದಾರರ ಪಟ್ಟಿಯನ್ನು ಆರಂಭದಲ್ಲಿ ಸಾದಾ ಪಠ್ಯ ಕಡತದಲ್ಲಿಟ್ಟು ಪರೀಕ್ಷಿಸಿ, ಅನಂತರ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್‌ನಂತಹ ದತ್ತಸಂಚಯಕ್ಕೆ ಸಾಗಿಸುವುದು ವಾಡಿಕೆ. ಪರೀಕ್ಷೆಗೆ 'ರ‍್ಯಾಡ್‌ಟೆಸ್ಟ್' ಎಂಬ ಸಾಧನವಿದೆ. ಸುರಂಗದ ಕ್ರಮಗಳನ್ನು ಪರೀಕ್ಷಿಸಲು 'ಈಪಾಲ್-ಟೆಸ್ಟ್' ಬೇಕು. ತೊಂದರೆ ಬಂದಾಗ ಸರ್ವರ್ ಅನ್ನು ದೋಷಾನ್ವೇಷಣೆಯ ಸ್ಥಿತಿಯಲ್ಲಿ, ಎಂದರೆ ಆದೇಶಕ್ಕೆ ದೊಡ್ಡಕ್ಷರದ 'ಎಕ್ಸ್' ಆಯ್ಕೆಯನ್ನು ಸೇರಿಸಿ ನಡೆಸಿದರೆ ಪ್ರತಿ ಹಂತವೂ ಪರದೆಯ ಮೇಲೆ ಮೂಡುತ್ತದೆ. ಈ ಉದ್ದನೆಯ ಹೊರಪಾಠವನ್ನು ಮೊದಲಿನಿಂದ ಕೊನೆಯವರೆಗೆ ಓದುವುದಕ್ಕೆ ಬದಲಿಯಿಲ್ಲ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಕೆಲಸ ಮಾಡಿದ ಸ್ಥಿತಿಯ ಪ್ರತಿಯನ್ನು ತೆಗೆದಿಡುತ್ತ ಸಾಗಿದರೆ ಬೇಗ ಮುಗಿಯುತ್ತದೆ.

ಫ್ರೀರೇಡಿಯಸ್ ಪರೀಕ್ಷೆಗಾಗಿ ತಾನೇ ಉತ್ಪಾದಿಸುವ ಪ್ರಮಾಣಪತ್ರಗಳ ಅವಧಿ ಪೂರ್ವನಿಯೋಜಿತವಾಗಿ 60 ದಿನ. ಅವುಗಳನ್ನೇ ನಂಬಿ ಜಾಲವನ್ನು ಉದ್ಘಾಟಿಸಿದರೆ ಎರಡು ತಿಂಗಳ ನಂತರ ಒಂದು ಬೆಳಗ್ಗೆ ಯಾರೊಬ್ಬರಿಗೂ ಪ್ರವೇಶ ದೊರೆಯುವುದಿಲ್ಲ. ಸಂಸ್ಥೆ ತನ್ನದೇ ಪ್ರಾಧಿಕಾರವನ್ನು ದೀರ್ಘ ಅವಧಿಗೆ ಸೃಷ್ಟಿಸಿಕೊಂಡು ಅದರಿಂದ ಸರ್ವರ್‌ನ ಪ್ರಮಾಣಪತ್ರವನ್ನು ನೀಡುವುದು ಒಳ್ಳೆಯದು. ಪ್ರಾಧಿಕಾರದ ಖಾಸಗಿ ಕೀಲಿಯನ್ನು ಸರ್ವರ್‌ನಲ್ಲಿ ಬಿಡದೆ ಪ್ರತ್ಯೇಕವಾಗಿ ಇರಿಸಬೇಕು.

ಒಪ್ಪಿಗೆಯ ಸಂದೇಶದ ಜೊತೆ ಸರ್ವರ್ ಷರತ್ತುಗಳನ್ನೂ ಕಳುಹಿಸಬಲ್ಲದು: ಎಷ್ಟು ಹೊತ್ತು ಬಳಸಬಹುದು, ಎಷ್ಟು ಹೊತ್ತು ನಿಷ್ಕ್ರಿಯವಾಗಿದ್ದರೆ ಕಡಿಯಬೇಕು, ಯಾವ ವಾಸ್ತವ ಸ್ಥಳೀಯ ಜಾಲಕ್ಕೆ ಸೇರಿಸಬೇಕು ಎಂಬಿತ್ಯಾದಿ. ಈ ಕೊನೆಯ ಸೌಲಭ್ಯದಿಂದ ಒಂದೇ ವೈ-ಫೈ ಹೆಸರಿನಡಿಯಲ್ಲಿ ಪಂಚಾಯಿತಿಯ ಸಿಬ್ಬಂದಿಯನ್ನು ಕಚೇರಿಯ ಜಾಲಕ್ಕೂ ಓದುಗರನ್ನು ಅಂತರಜಾಲಕ್ಕೆ ಮಾತ್ರ ದಾರಿಯಿರುವ ಬೇರೊಂದು ಜಾಲಕ್ಕೂ ಕಳುಹಿಸಬಹುದು. ತೆರಿಗೆಯ ದಾಖಲೆಗಳಿರುವ ಗಣಕ ಮತ್ತು ಅಪರಿಚಿತ ಫೋನುಗಳು ಒಂದೇ ಜಾಲದಲ್ಲಿ ಇರಬಾರದೆಂಬುದು ಇಡೀ ವ್ಯವಸ್ಥೆಯನ್ನು ಸ್ಥಾಪಿಸಲು ಸಾಕಾಗುವ ಕಾರಣ.

ಸರ್ವರ್ ಎಲ್ಲಿರಬೇಕು

ಜಿಲ್ಲಾ ಕೇಂದ್ರದಲ್ಲಿ ಒಂದೇ ಸರ್ವರ್ ಇಟ್ಟು ಎಲ್ಲ ಗ್ರಾಮಗಳಿಗೂ ಅದನ್ನೇ ಬಳಸಿದರೆ ನಿರ್ವಹಣೆ ಸುಲಭ. ಬಳಕೆದಾರರ ಪಟ್ಟಿ ಒಂದೇ ಕಡೆಯಿರುತ್ತದೆ. ಆದರೆ ರಸ್ತೆ ಅಗೆಯುವಾಗ ಫೈಬರ್ ತುಂಡಾದ ದಿನ ಗ್ರಾಮದೊಳಗಿನ ಜಾಲವೂ ನಿಲ್ಲುತ್ತದೆ: ಅಂತರಜಾಲ ಬೇಡವಾದ, ಪಕ್ಕದ ಕೋಣೆಯ ಮುದ್ರಕಕ್ಕೆ ಕಡತ ಕಳುಹಿಸುವ ಕೆಲಸವೂ ನಡೆಯುವುದಿಲ್ಲ. ಆದ್ದರಿಂದ ಕಚೇರಿ ಬಳಕೆಗೆ ಸ್ಥಳೀಯ ಸರ್ವರ್, ಸಾರ್ವಜನಿಕರಿಗೆ ಕೇಂದ್ರ ಸರ್ವರ್ ಎಂಬ ವಿಭಜನೆ ಹೆಚ್ಚು ಸಮಂಜಸ. ಅಂತರಜಾಲವೇ ಇಲ್ಲದಾಗ ಸಾರ್ವಜನಿಕರಿಗೆ ಪ್ರವೇಶ ದೊರೆತರೂ ಪ್ರಯೋಜನವಿಲ್ಲ. ಪ್ರವೇಶಬಿಂದುಗಳು ಎರಡು ಸರ್ವರ್‌ಗಳ ವಿಳಾಸವನ್ನು ಸಾಮಾನ್ಯವಾಗಿ ಸ್ವೀಕರಿಸುತ್ತವೆ; ಮೊದಲನೆಯದು ಉತ್ತರಿಸದಿದ್ದರೆ ಎರಡನೆಯದನ್ನು ಕೇಳುತ್ತವೆ.

ದೂರದ ಸರ್ವರ್‌ನೊಂದಿಗೆ ಇನ್ನೊಂದು ಸೂಕ್ಷ್ಮ ತೊಂದರೆಯಿದೆ. ಪ್ರಮಾಣಪತ್ರಗಳನ್ನು ಹೊತ್ತ ರೇಡಿಯಸ್ ಸಂದೇಶಗಳು ದೊಡ್ಡವು. ನಡುವೆ ವಿಪಿಎನ್ ಸುರಂಗವಿದ್ದರೆ ಅವು ತುಂಡಾಗುತ್ತವೆ. ಕೆಲವು ಉಪಕರಣಗಳು ತುಂಡಾದ ಯುಡಿಪಿ ಪೊಟ್ಟಣಗಳನ್ನು ಸದ್ದಿಲ್ಲದೆ ಎಸೆಯುತ್ತವೆ. ಆಗ ಗುಪ್ತಪದದ ಸರಳ ಪರೀಕ್ಷೆ ಯಶಸ್ವಿಯಾಗಿ, ನಿಜವಾದ ಫೋನು ಮಾತ್ರ ಕಾಯುತ್ತಲೇ ಉಳಿಯುತ್ತದೆ. ಇಎಪಿ ತುಣುಕಿನ ಗಾತ್ರವನ್ನು ತಗ್ಗಿಸುವುದು ಇದಕ್ಕೆ ಪರಿಹಾರ.

ಸಾರ್ವಜನಿಕ ಅಂತರಜಾಲದ ಮೂಲಕ ರೇಡಿಯಸ್ ಸಂದೇಶಗಳನ್ನು ಹಾಗೆಯೇ ಕಳುಹಿಸುವುದು ಸುರಕ್ಷಿತವಲ್ಲ. ಪ್ರೋಟೋಕಾಲಿನ ರಕ್ಷಣೆ ಎಂಡಿ5 ಎಂಬ ಹಳತಾದ ಗಣಿತ ವಿಧಾನವನ್ನು ಆಧರಿಸಿದೆ. 2024ರ ಜುಲೈನಲ್ಲಿ ಪ್ರಕಟವಾದ 'ಬ್ಲಾಸ್ಟ್-ರೇಡಿಯಸ್' ದಾಳಿಯಲ್ಲಿ, ಪ್ರವೇಶಬಿಂದುವಿಗೂ ಸರ್ವರ್‌ಗೂ ನಡುವೆ ಕುಳಿತವನು ನಿರಾಕರಣೆಯ ಸಂದೇಶವನ್ನು ಒಪ್ಪಿಗೆಯ ಸಂದೇಶವಾಗಿ ಮಾರ್ಪಡಿಸಬಲ್ಲನೆಂದು ಸಂಶೋಧಕರು ತೋರಿಸಿದರು. ಇಎಪಿ ಸಂದೇಶಗಳಲ್ಲಿ ಸಂದೇಶ-ದೃಢೀಕಾರಕವೆಂಬ ಹೆಚ್ಚುವರಿ ಮುದ್ರೆ ಕಡ್ಡಾಯವಾಗಿರುವುದರಿಂದ ಅವು ಈ ದಾಳಿಗೆ ಒಳಗಾಗುವುದಿಲ್ಲ. ಲಾಗಿನ್ ಪುಟದ ಮೂಲಕ ನಡೆಯುವ ಸರಳ ಗುಪ್ತಪದ ಪರೀಕ್ಷೆಗಳು ಒಳಗಾಗುತ್ತವೆ. ಎಲ್ಲ ಸಂದೇಶಗಳಿಗೂ ಆ ಮುದ್ರೆಯನ್ನು ಕಡ್ಡಾಯಗೊಳಿಸುವ ಹೊಂದಿಕೆ ಹೊಸ ಆವೃತ್ತಿಗಳಲ್ಲಿದೆ. ಇಡೀ ಸಂಭಾಷಣೆಯನ್ನೇ ಟಿಎಲ್‌ಎಸ್ ಸುರಂಗದಲ್ಲಿ ನಡೆಸುವ, ಆರ್‌ಎಫ್‌ಸಿ 6614ರಲ್ಲಿ ವಿವರಿಸಲಾದ ರ‍್ಯಾಡ್‌ಸೆಕ್ ಇನ್ನೂ ಉತ್ತಮ ಮಾರ್ಗ.

ವಿದ್ಯುತ್ ವ್ಯತ್ಯಯ ಮತ್ತು ಲೆಕ್ಕಪತ್ರ

ಬಳಕೆದಾರ ಸೇರಿದಾಗ ಪ್ರವೇಶಬಿಂದುವು ಆರಂಭದ ಸಂದೇಶವನ್ನೂ, ನಡುನಡುವೆ ಮಧ್ಯಂತರ ಸಂದೇಶಗಳನ್ನೂ, ಬಿಟ್ಟುಹೋದಾಗ ಮುಕ್ತಾಯದ ಸಂದೇಶವನ್ನೂ ಲೆಕ್ಕಪತ್ರ ಸರ್ವರ್‌ಗೆ ಕಳುಹಿಸುತ್ತದೆ. ಕಾಗದದ ಮೇಲೆ ಇದು ಅಚ್ಚುಕಟ್ಟು. ವಿದ್ಯುತ್ತು ಹಠಾತ್ತನೆ ಹೋದಾಗ ಮುಕ್ತಾಯದ ಸಂದೇಶ ಹೊರಡುವುದೇ ಇಲ್ಲ. ಸರ್ವರ್‌ನ ದಾಖಲೆಯಲ್ಲಿ ಆ ಅಧಿವೇಶನ ತೆರೆದೇ ಉಳಿಯುತ್ತದೆ. ಒಬ್ಬರಿಗೆ ಒಮ್ಮೆಗೆ ಒಂದೇ ಸಂಪರ್ಕವೆಂಬ ನಿಯಮವನ್ನು ಇದರೊಂದಿಗೆ ಸೇರಿಸಿದರೆ, ವಿದ್ಯುತ್ತು ಮರಳಿದ ಮೇಲೆ ಬಳಕೆದಾರ ತನ್ನದೇ ಹಳೆಯ ನೆರಳಿನ ಕಾರಣದಿಂದ ಹೊರಗುಳಿಯುತ್ತಾನೆ. ದಿನಕ್ಕೆ ಇಂತಿಷ್ಟು ಗಂಟೆ ಎಂಬ ಮಿತಿಯಿದ್ದರೆ, ಬಳಸದ ಸಮಯವೂ ಅವನ ಲೆಕ್ಕಕ್ಕೆ ಸೇರುವ ಸಂಭವವಿದೆ.

ಇದಕ್ಕೆ ಪರಿಹಾರಗಳು ಹಲವು. ಮರಳಿ ಚಾಲನೆಗೊಂಡ ಪ್ರವೇಶಬಿಂದುವು ತನ್ನ ಹಳೆಯ ಅಧಿವೇಶನಗಳೆಲ್ಲ ಮುಗಿದವೆಂದು ತಿಳಿಸುವ ಸಂದೇಶವೊಂದನ್ನು ಕಳುಹಿಸಬಲ್ಲದು; ಕೊಳ್ಳುವ ಮುನ್ನ ಉಪಕರಣದಲ್ಲಿ ಈ ಸೌಲಭ್ಯವಿದೆಯೇ ಎಂದು ನೋಡುವುದು ಲೇಸು. ಮಧ್ಯಂತರ ಸಂದೇಶ ನಿಯತ ಅವಧಿಯ ಎರಡು ಮೂರರಷ್ಟು ಕಾಲ ಬಾರದಿದ್ದ ಅಧಿವೇಶನಗಳನ್ನು, ಕೊನೆಯ ಸಂದೇಶ ಬಂದ ಕ್ಷಣಕ್ಕೆ ಮುಗಿದವೆಂದು ದತ್ತಸಂಚಯದಲ್ಲಿ ಮುಚ್ಚಬಹುದು. ಮಧ್ಯಂತರದ ಅವಧಿ 10 ನಿಮಿಷಕ್ಕಿಂತ ಕಡಿಮೆಯಿರದಿರುವುದು ಮಾನಕದ ಸಲಹೆ. ಪ್ರವೇಶಬಿಂದುಗಳಿಗೂ ಸರ್ವರ್‌ಗೂ ಬ್ಯಾಟರಿಯ ಆಸರೆ ನೀಡುವುದು ಎಲ್ಲಕ್ಕಿಂತ ಸರಳ; ಸರ್ವರ್‌ಗೆ ಮಾತ್ರ ನೀಡಿ ಪ್ರವೇಶಬಿಂದುವಿಗೆ ನೀಡದಿದ್ದರೆ ಮೇಲಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ.

ಗಡಿಯಾರದ ವಿಷಯವೂ ಇದಕ್ಕೆ ಸೇರಿದ್ದು. ಹಲವು ಸಣ್ಣ ಗಣಕಗಳಲ್ಲಿ ವಿದ್ಯುತ್ತು ಇಲ್ಲದಾಗಲೂ ನಡೆಯುವ ಗಡಿಯಾರವಿರುವುದಿಲ್ಲ. ವಿದ್ಯುತ್ತು ಮರಳಿದಾಗ ಫೈಬರ್ ಸಂಪರ್ಕ ಇನ್ನೂ ಬಂದಿರದಿದ್ದರೆ ಗಣಕವು ಹಳೆಯ ದಿನಾಂಕದೊಂದಿಗೆ ಎಚ್ಚರಗೊಳ್ಳುತ್ತದೆ. ಇಎಪಿ-ಟಿಎಲ್‌ಎಸ್ ಬಳಸುವ ಸರ್ವರ್ ಆಗ ಹೊಸದಾಗಿ ನೀಡಿದ ಸಾಧನ ಪ್ರಮಾಣಪತ್ರಗಳನ್ನು ಇನ್ನೂ ಜಾರಿಗೆ ಬಂದಿಲ್ಲವೆಂದು ತಿರಸ್ಕರಿಸಬಹುದು. ಅದಕ್ಕಿಂತ ಮುಖ್ಯವಾಗಿ, ಲೆಕ್ಕಪತ್ರದ ಸಮಯಗಳು ತಪ್ಪಾಗುತ್ತವೆ. ತನಿಖೆಯೊಂದರಲ್ಲಿ ಇಂತಹ ದಿನ ಇಂತಹ ಗಂಟೆಯಲ್ಲಿ ಈ ವಿಳಾಸವನ್ನು ಬಳಸಿದವರು ಯಾರು ಎಂದು ಕೇಳಿದಾಗ, ತಪ್ಪು ಗಡಿಯಾರದ ದಾಖಲೆ ನಿರಪರಾಧಿಯೊಬ್ಬನ ಹೆಸರನ್ನು ತೋರಿಸಬಹುದು. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನಗಳು ಗಣಕಗಳ ಗಡಿಯಾರವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಕ್ಕೆ ಹೊಂದಿಸಬೇಕೆಂದೂ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದೂ ಹೇಳುತ್ತವೆ. ಕೆಲವು ನೂರು ರೂಪಾಯಿಗಳ ಗಡಿಯಾರ ಘಟಕವೊಂದನ್ನು ಗಣಕಕ್ಕೆ ಜೋಡಿಸಿದರೆ ಈ ತೊಂದರೆ ತಪ್ಪುತ್ತದೆ.

ದಾಖಲೆಗಳಲ್ಲಿ ಜನರ ಮೊಬೈಲ್ ಸಂಖ್ಯೆ, ಬಳಕೆಯ ಸಮಯ, ಸ್ಥಳ ಎಲ್ಲವೂ ಇರುವುದರಿಂದ ಅವು ವೈಯಕ್ತಿಕ ದತ್ತಾಂಶಗಳು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ ಇಂತಹ ಮಾಹಿತಿಯನ್ನು ಗೊತ್ತುಪಡಿಸಿದ ಉದ್ದೇಶಕ್ಕೆ ಮಾತ್ರ ಬಳಸಲು ಅವಕಾಶ ನೀಡುತ್ತದೆ. ಊರಿನಲ್ಲಿ ಯಾರು ಯಾವಾಗ ಗ್ರಂಥಾಲಯಕ್ಕೆ ಬಂದರೆಂಬ ಪಟ್ಟಿ ಕುತೂಹಲಿಗಳ ಕೈಗೆ ಸಿಗುವಂತಿರಬಾರದು. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವುದರಿಂದ ಈ ಎಚ್ಚರ ನಗರಕ್ಕಿಂತ ಇಲ್ಲಿ ಹೆಚ್ಚು ಅಗತ್ಯ.

ಲಾಗಿನ್ ಪುಟದ ವ್ಯವಸ್ಥೆ ಮತ್ತು ಪಿಎಂ-ವಾಣಿ

ಸಾರ್ವಜನಿಕ ತಾಣಗಳಲ್ಲಿ ಕಾಣುವ ಲಾಗಿನ್ ಪುಟದ ಹಿಂದೆಯೂ ಬಹುಮಟ್ಟಿಗೆ ರೇಡಿಯಸ್ ಸರ್ವರೇ ಇರುತ್ತದೆ. ಆದರೆ ಅಲ್ಲಿ ಫೋನು ಮೊದಲು ತೆರೆದ ಜಾಲಕ್ಕೆ ಸೇರಿ, ಅನಂತರ ಗುರುತನ್ನು ತಿಳಿಸುತ್ತದೆ. ಗಾಳಿಯಲ್ಲಿ ಸಾಗುವ ಸಂಕೇತಕ್ಕೆ ಗೂಢಲಿಪಿ ಇರುವುದಿಲ್ಲ. ಒಮ್ಮೆ ಲಾಗಿನ್ ಆದವರನ್ನು ಸಾಧನದ ಮ್ಯಾಕ್ ವಿಳಾಸದಿಂದ ಗುರುತಿಸುವ ಹಳೆಯ ರೂಢಿಯೂ ಈಗ ಕೈಕೊಡುತ್ತಿದೆ, ಏಕೆಂದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ಯಾದೃಚ್ಛಿಕ ಮ್ಯಾಕ್ ವಿಳಾಸಗಳನ್ನು ಬಳಸುತ್ತವೆ. ಆದರೂ ಗುರುತು ನೋಂದಾಯಿಸದ ದಾರಿಹೋಕರಿಗೆ ಸೇವೆ ನೀಡಲು ಇದಕ್ಕಿಂತ ಸುಲಭವಾದ ಮಾರ್ಗ ವ್ಯಾಪಕವಾಗಿ ಬಳಕೆಗೆ ಬಂದಿಲ್ಲ.

ಕೇಂದ್ರ ಸಚಿವ ಸಂಪುಟ 2020ರ ಡಿಸೆಂಬರ್ 9ರಂದು ಅನುಮೋದಿಸಿದ ಪಿಎಂ-ವಾಣಿ ಯೋಜನೆ ದೃಢೀಕರಣದ ಹೊಣೆಯನ್ನು ಅಂಗಡಿಯವನ ಹೆಗಲಿನಿಂದ ಇಳಿಸುತ್ತದೆ. ಕಿರಾಣಿ ಅಂಗಡಿ ಅಥವಾ ಚಹಾದಂಗಡಿಯವರು ಪರವಾನಗಿ, ಶುಲ್ಕ ಯಾವುದೂ ಇಲ್ಲದೆ ಸಾರ್ವಜನಿಕ ದತ್ತಾಂಶ ಕಚೇರಿಯನ್ನು ತೆರೆಯಬಹುದು. ಅವರ ಪರವಾಗಿ ಅಧಿಕೃತೀಕರಣ ಮತ್ತು ಲೆಕ್ಕಪತ್ರವನ್ನು ಒಗ್ಗೂಡಿಸುವ ಸಂಸ್ಥೆ ನಿರ್ವಹಿಸುತ್ತದೆ. ಬಳಕೆದಾರನ ನೋಂದಣಿ ಆ್ಯಪ್ ಸೇವಾದಾರನಲ್ಲಿ ಒಮ್ಮೆ ನಡೆದರೆ ಸಾಕು. ಇವರೆಲ್ಲರ ವಿವರಗಳುಳ್ಳ ಕೇಂದ್ರ ನೋಂದಣಿಯನ್ನು ಸಿ-ಡಾಟ್ ನಿರ್ವಹಿಸುತ್ತದೆ. ಪರಸ್ಪರ ಪರಿಚಯವಿಲ್ಲದ ಸಂಸ್ಥೆಗಳು ಡಿಜಿಟಲ್ ಸಹಿಯ ಮೂಲಕ ಒಬ್ಬರ ಮಾತನ್ನು ಇನ್ನೊಬ್ಬರು ನಂಬುವ ವ್ಯವಸ್ಥೆ ಇದು.

ಎಡುರೋಮ್

ವಿದ್ಯಾಸಂಸ್ಥೆಗಳಲ್ಲಿ ಇದೇ ತತ್ತ್ವವನ್ನು ರೇಡಿಯಸ್‌ನ ಮೂಲಕ ಸಾಧಿಸಿರುವ ಜಾಲ ಎಡುರೋಮ್. 2002ರ ಸುಮಾರಿಗೆ ಯೂರೋಪಿನಲ್ಲಿ ರೂಪುಗೊಂಡ ಇದರಲ್ಲಿ ಬಳಕೆದಾರನ ಹೆಸರು ಇ-ಮೇಲ್ ವಿಳಾಸದ ಮಾದರಿಯಲ್ಲಿರುತ್ತದೆ; ಅದರ ಉತ್ತರಾರ್ಧ ಅವನ ತವರು ಸಂಸ್ಥೆಯನ್ನು ಸೂಚಿಸುತ್ತದೆ. ಬೇರೊಂದು ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿನ ಸರ್ವರ್ ಆ ಉತ್ತರಾರ್ಧವನ್ನು ಮಾತ್ರ ಓದಿ, ಸಂದೇಶವನ್ನು ಮೇಲಿನ ಹಂತಕ್ಕೆ ದಾಟಿಸುತ್ತದೆ. ಅಲ್ಲಿಂದ ಅದು ತವರು ಸಂಸ್ಥೆಯ ಸರ್ವರ್‌ಗೆ ತಲುಪುತ್ತದೆ. ಗುಪ್ತಪದ ಸುರಂಗದೊಳಗೆ ಇರುವುದರಿಂದ ನಡುವಿನ ಯಾರಿಗೂ ಕಾಣುವುದಿಲ್ಲ. ಭಾರತದ ಮಟ್ಟದ ಸರ್ವರ್‌ಗಳನ್ನು ಅರ್ನೆಟ್ ಇಂಡಿಯಾ ನಡೆಸುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಇದರ ಸದಸ್ಯ. ಗದಗ ಸಮೀಪದ ನಾಗಾವಿಯಲ್ಲಿರುವ, 2016ರ ಅಧಿನಿಯಮದಡಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದಂತಹ, ಕ್ಷೇತ್ರಕಾರ್ಯಕ್ಕೆ ಊರೂರಿಗೆ ವಿದ್ಯಾರ್ಥಿಗಳನ್ನು ಕಳುಹಿಸುವ ಸಂಸ್ಥೆಗಳಿಗೆ ಈ ಮಾದರಿ ವಿಶೇಷವಾಗಿ ಹೊಂದುತ್ತದೆ. ಎಡುರೋಮ್‌ಗೆ ಸೇರುವ ಸಂಸ್ಥೆಗೆ ಮೇಲೆ ವಿವರಿಸಿದ ಸರ್ವರ್ ಇರಲೇಬೇಕು. ಅದಿದ್ದರೆ ಉಳಿದದ್ದು ಅರ್ನೆಟ್‌ನೊಂದಿಗೆ ರಹಸ್ಯಪದದ ವಿನಿಮಯ ಮತ್ತು ತನ್ನದಲ್ಲದ ಹೆಸರುಗಳನ್ನು ಮೇಲಕ್ಕೆ ದಾಟಿಸುವ ಒಂದೆರಡು ಸಾಲಿನ ಹೊಂದಿಕೆ.

ಸಂಬಂಧಿತ ಪ್ರೋಟೋಕಾಲುಗಳು

ರೇಡಿಯಸ್‌ನ ಉತ್ತರಾಧಿಕಾರಿಯಾಗಿ 2003ರಲ್ಲಿ ಡಯಾಮೀಟರ್ ರೂಪುಗೊಂಡಿತು. ಮೊದಲನೆಯದು ತ್ರಿಜ್ಯ, ಎರಡನೆಯದು ಅದರ ಎರಡರಷ್ಟಿರುವ ವ್ಯಾಸ ಎಂಬ ಶ್ಲೇಷೆ ಹೆಸರಿನಲ್ಲಿದೆ. ಅದು 4ಜಿ ಮೊಬೈಲ್ ಜಾಲಗಳಲ್ಲಿ ನೆಲೆಗೊಂಡರೂ ವೈ-ಫೈ ಉಪಕರಣಗಳಲ್ಲಿ ರೇಡಿಯಸ್‌ನ ಸ್ಥಾನವನ್ನು ಪಡೆಯಲಿಲ್ಲ. ಸಿಸ್ಕೊ ರೂಪಿಸಿದ ಟಕಾಕ್ಸ್-ಪ್ಲಸ್ ಮುಖ್ಯವಾಗಿ ಜಾಲೋಪಕರಣಗಳ ನಿರ್ವಾಹಕರ ಪ್ರವೇಶವನ್ನು ನಿಯಂತ್ರಿಸಲು ಬಳಕೆಯಾಗುತ್ತದೆ.